ಸೊನ್ನೆ ಲೀಟರಿನ ಸೋಮವಾರ

ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳಿದವಳು ನಾನು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಹುಣಸೂರಿನ ಒಂದು ಸಣ್ಣ ಕಂಪನಿ ಸೇರಿದೆ. ಹಳ್ಳಿಯ ಹಾಲಿನ ಡೈರಿಗಳಲ್ಲಿ ತೂಕ, ಫ್ಯಾಟ್ ನೋಡಿ ಚೀಟಿ ಕೊಡುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ಪ್ರೋಗ್ರಾಮಿನ ನಡುವೆ ಅಸರ್ಷನ್ ಎಂಬ ಸಾಲು ಬರೆಯಬಹುದು. 'ಇಲ್ಲಿಗೆ ಬಂದಾಗ ಇದು ಹೀಗೇ ಇರಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಡ' ಎಂದು ಯಂತ್ರಕ್ಕೆ ಅಪ್ಪಣೆ ಮಾಡುವುದು. ತಪ್ಪನ್ನು ಮುಚ್ಚಿಕೊಂಡು ಸಾಗುವ ಬದಲು ಅಲ್ಲೇ ನಿಂತರೆ ಹುಡುಕುವುದು ಸುಲಭ. ನನಗಂತೂ ತುಂಬ ಹಿಡಿಸಿತು. ಮೇಡಂಗಿರಿ ಇನ್ನೂ ಬಿಟ್ಟಿರಲಿಲ್ಲವಲ್ಲ, ಹೆಜ್ಜೆಗೊಂದು ಹಾಕಿದ್ದೆ. ಹಿಂದಿನ ದಿನದ ಒಟ್ಟು ಹಾಲು ಸೊನ್ನೆ ಇರಕೂಡದು ಎಂಬುದೂ ಅದರಲ್ಲೊಂದು. ಸರಾಸರಿ ಫ್ಯಾಟ್ ತೆಗೆಯಲು ಒಟ್ಟು ಹಾಲಿನಿಂದ ಭಾಗಿಸಬೇಕು, ಸೊನ್ನೆಯಿಂದ ಭಾಗಿಸುವುದುಂಟೆ?

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಆಚೆ ಒಂದೂರಿನ ಡೈರಿಯಲ್ಲಿ ಯಂತ್ರ ಇಟ್ಟು ತಿಂಗಳಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಆರಕ್ಕೇ ಅಲ್ಲಿನ ಸೆಕ್ರೆಟರಿ ಫೋನ್ ಮಾಡಿದರು. ಯಂತ್ರ ಶುರುವಾಗುತ್ತಿಲ್ಲ, ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾರೆ. ಚೀಟಿಯಿಲ್ಲದ ಹಾಲನ್ನು ವ್ಯಾನಿನವನು ಮುಟ್ಟುವುದಿಲ್ಲ, ವ್ಯಾನು ಹೊರಡುವುದು ಏಳೂವರೆಗೆ. ಸಿಕ್ಕ ಬಸ್ಸು ಹತ್ತಿದೆ. ನಾನು ಇಳಿಯುವಾಗ ವ್ಯಾನು ಎದುರಿಗೇ ಖಾಲಿ ಹೊರಟಿತು.

ಪರದೆಯ ಮೇಲೆ ನಾನೇ ಬರೆದ ಸಾಲು: ನಿನ್ನೆಯ ಹಾಲು ಸೊನ್ನೆ, ನಿಲ್ಲು.

"ನಿನ್ನೆ ಹಾಲೇ ಅಳೆದಿಲ್ಲವೇನ್ರೀ?" ಎಂದು ಸೆಕ್ರೆಟರಿಯನ್ನು ದಬಾಯಿಸಿದೆ.

"ಕಾರ್ತೀಕದ ಕಡೇ ಸೋಮ್ವಾರ ಅಲ್ವರಾ ಮೇಡಂ. ಊರಿನ್ ಆಲೆಲ್ಲ ಈಸ್ವರನ್ ಗುಡೀಗೋಯ್ತು. ಡೈರೀಗೆ ಯಾರೂ ಆಕ್ನಿಲ್ಲ."

"ಇಂಥ ದಿನ ಇದೆ ಅಂತ ಮೊದಲೇ ಹೇಳಬೇಕು ತಾನೆ? ನಾನೇನು ಕಣಿ ಕೇಳಿಕೊಂಡು ಪ್ರೋಗ್ರಾಂ ಬರೀಲಾ?"

"ತಪ್ಪಾಯ್ತು ಮೇಡಂ" ಅಂದರು ಆ ಮನುಷ್ಯ, ಅಷ್ಟೂ ಹೆಂಗಸರ ಮುಂದೆ. ಹೆಂಗಸರು ಕ್ಯಾನು ಎತ್ತಿಕೊಂಡು ಮನೆಕಡೆ ಹೊರಟರು. ಹೆಪ್ಪು ಹಾಕಿಕೊಳ್ಳುತ್ತಾರೆ, ಸರಿ. ಆದರೂ ನಸುಕಿನಲ್ಲೆದ್ದು ಕರೆದ ಹಾಲು, ಆ ಹೊತ್ತಿನ ದುಡ್ಡು ಹೋಯಿತು.

ಕಂಪನಿಗೆ ಫೋನ್ ಮಾಡಿದೆ. ಯಜಮಾನರು, "ಹಳ್ಳಿಗೆ ಕೊಡುವಾಗ ಅಸರ್ಷನ್ ಎಲ್ಲ ಕಿತ್ತುಹಾಕಿ, ತಲೆನೋವೇ ಬೇಡ" ಅಂದರು. ನಾನು ಒಪ್ಪಲಿಲ್ಲ. ಎಲ್ಲ ಕಿತ್ತರೆ ನನ್ನ ತಪ್ಪು ಯಾರ ಕಣ್ಣಿಗೂ ಬೀಳದೆ ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗಬಹುದು. ಅಲ್ಲೇ ಕೂತು ಒಂದೊಂದೇ ಸಾಲು ಓದಿದೆ. ತೂಗಿದ ಕ್ಯಾನು ಎಷ್ಟೋ ಚೀಟಿಯೂ ಅಷ್ಟೇ ಇರಬೇಕು ಎಂಬುದನ್ನು ಉಳಿಸಿದೆ. ಅದು ತಪ್ಪಿದರೆ ಪ್ರೋಗ್ರಾಂ ಕೆಟ್ಟಿದೆ ಎಂದೇ ಅರ್ಥ, ನಿಲ್ಲಲೇಬೇಕು. ಹಸು ಇಷ್ಟೇ ಕರೆಯಬೇಕು, ಜನ ದಿನಾ ಬರಲೇಬೇಕು ಎಂಬಂಥವನ್ನೆಲ್ಲ ತೆಗೆದೆ. ಅಂಥ ಕಡೆ ಯಂತ್ರ ಸೆಕ್ರೆಟರಿಯನ್ನು ಒಂದು ಮಾತು ಕೇಳಿ ಮುಂದೆ ಹೋಗಲಿ ಎಂದು ಬರೆದೆ.

ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆ ಸಾಲಿನ ಮುಂದೆಯೇ ನಿಂತಿದ್ದ ಅಜ್ಜಿ ಲೋಟದಲ್ಲಿ ಬಿಸಿ ಹಾಲು ತಂದರು. ವ್ಯಾನಿಗೆ ಹೋಗದೆ ಉಳಿದ ಹಾಲು. ಬೈಯಲು ಬಂದರು ಅಂದುಕೊಂಡೆ.

"ಕುಡೀರವ್ವ. ಅಣೆ ಮ್ಯಾಲೆ ಈಬೂತಿ ಐತೆ, ನೆನ್ನೆ ನಿಮ್ಮನೇಲೂ ಆಲು ಕಾಯ್ಸಿರಾಕಿಲ್ಲ. ಇವತ್ತು ಬರೀ ಒಟ್ಟೇಲಿ ಓಡ್ಬಂದಿದ್ದೀರಿ."

ನಿಜ, ಕಾಯಿಸಿರಲಿಲ್ಲ. ನಾನು ಹುಟ್ಟಿದ್ದೂ ಅದೇ ಸೀಮೆಯ ಶೈವರ ಮನೆಯಲ್ಲಿ. ಐವತ್ತರ ದಶಕದ ಕೊನೆಯಲ್ಲಿ, ಆರೇಳು ವರ್ಷದವಳು, ಆ ಸೋಮವಾರ ಕಾಫಿಗೆ ಹಾಲು ಬೇಕೇಬೇಕೆಂದು ಹಟ ಹಿಡಿದು ಅವ್ವನಿಂದ ಬೆನ್ನಿಗೆ ಗುದ್ದು ತಿಂದಿದ್ದೆ. ಆಮೇಲೆ ಒಂದು ವರ್ಷವೂ ತಪ್ಪಿಸಿದವಳಲ್ಲ. ಹಿಂದಿನ ದಿನವೂ ಮನೆಯ ಹಾಲನ್ನು ಗುಡಿಗೆ ಕೊಟ್ಟು, ಹಾಲಿಲ್ಲದ ಕಾಫಿ ಕುಡಿದು ಕಂಪನಿಗೆ ಹೋಗಿದ್ದೆ. ಪ್ರೋಗ್ರಾಂ ಬರೆಯಲು ಕೂತಾಗ ಮಾತ್ರ ಅದು ನೆನಪಿಗೇ ಬಂದಿರಲಿಲ್ಲ. ಬೆಳಿಗ್ಗೆ ಸೆಕ್ರೆಟರಿ ಹೇಳಿದಾಗಲೂ ಒಪ್ಪಿಕೊಳ್ಳದೆ ಅವರನ್ನೇ ಬೈದಿದ್ದೆ. ಅಜ್ಜಿಯ ಮುಖ ನೋಡಲು ನಾಚಿಕೆಯಾಯಿತು.

ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ. ಸಂಜೆಯ ಹಾಲಿಗೆ ಹೆಂಗಸರು ಮತ್ತೆ ಸಾಲು ನಿಲ್ಲುವವರೆಗೂ ಕಾದು, ಬೆಳಿಗ್ಗೆ ಬೈದಷ್ಟೇ ಗಟ್ಟಿಯಾಗಿ ಸೆಕ್ರೆಟರಿಗೆ ಹೇಳಿದೆ: "ನಿನ್ನೆಯ ದಿನ ನನಗೂ ಗೊತ್ತಿತ್ತು. ನಮ್ಮ ಮನೆಯಲ್ಲೂ ಮಾಡಿದ್ದೇವೆ. ತಪ್ಪು ನಿಮ್ಮದಲ್ಲ, ನನ್ನದು."

ಅವರು ಅಜ್ಜಿಯ ಕ್ಯಾನನ್ನು ತಕ್ಕಡಿಯ ಮೇಲಿಟ್ಟರು.