ಅತ್ತೆ ಕಟ್ಟುತ್ತಿದ್ದ ಮುದ್ದೆ

ಆಗ ನನಗೆ ಇಪ್ಪತ್ತೆರಡು ವರ್ಷ. ಅದಾಗಿ ಐವತ್ತು ವರ್ಷದ ಮೇಲಾಯಿತು. ಶಾಗ್ಯದ ನಮ್ಮ ಮನೆಯಲ್ಲಿ ಮುದ್ದೆ ಕಟ್ಟುವುದು ಅತ್ತೆಯೇ. ಉಳುವ ನನ್ನ ಗಂಡನಿಗೆ ತೆಂಗಿನಕಾಯಿ ಗಾತ್ರ, ಕೂಸಿಗೆ ಮೊಲೆ ಕೊಡುವ ನನಗೂ ಅಷ್ಟೇ. "ಗೇದಷ್ಟೇ ಮುದ್ದೆ" ಎನ್ನುತ್ತಿದ್ದಳು, ದುಡಿದಷ್ಟೇ ಊಟ ಎಂಬುದು ಅವಳ ಲೆಕ್ಕ.

ಹೊಲಕ್ಕೆ ಹೋಗುವುದು ನಿಂತ ಮೇಲೆ ತನಗೆ ನಿಂಬೆಹಣ್ಣಿನಷ್ಟು ಕಟ್ಟಿಕೊಂಡಳು. ಜ್ವರ ಬಂದು ಇಳಿದ ಮೇಲೂ ಅಷ್ಟೇ. ಒಂದು ಸಂಜೆ ಒಲೆ ಮುಂದೆ ಕುಸಿದಳು. ಎತ್ತಿದರೆ ಭಾರವೇ ಇಲ್ಲ. ನನಗೂ ಗೇದು ಸಾಕಾಗಿತ್ತು, ರೇಗಿತು.

"ಇನ್ನೊಸಿ ಉಣ್ಣತ್ತೆ, ಸತ್ತೋಯ್ತೀಯ."

"ಕುಂತೋಳ್ಗೆ ಯಾಕವ್ವ ಮುದ್ದೆ?"

"ಜ್ವರ ಬಿಟ್ಟೋಳ್ಗೆ ಎದ್ದು ನಿಲ್ಲೋದೂ ಗೇಮೆನೇ ಕಣತ್ತೆ."

ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ಮುದ್ದೆ ಕೋಲನ್ನು ಅವಳ ಕೈಯಿಂದ ಕಿತ್ತುಕೊಂಡು ನಾನೇ ತಿರುವಿದೆ. ಅವಳ ತಟ್ಟೆಗೆ ಉಳುವವನ ಮುದ್ದೆ ಹಾಕಿ, ಉಣ್ಣುವವರೆಗೂ ಎದುರಿಗೇ ಕೂತೆ.