ಕತ್ತಲೆ ಗೊತ್ತಿಲ್ಲದವರ ಕಾದಂಬರಿ ಮತ್ತು ನನ್ನ ಗ್ರಹಣ

ನಾನು ಬರೆಯುತ್ತಿದ್ದ ವೈಜ್ಞಾನಿಕ ಕಾದಂಬರಿಯ ಲೋಕದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿನ ಜನಕ್ಕೆ ದೀಪ ಬೇಕಿಲ್ಲ, ದೆವ್ವದ ಪರಿಚಯವಿಲ್ಲ. ಬೆಳಗಾಗಲಿ ನೋಡೋಣ ಎಂದು ಜಗಳ ಮುಂದೂಡುವ ಅನುಕೂಲವೂ ಇಲ್ಲ. ಅಂಥವರ ಮೇಲೆ ಮೊದಲ ಸಲ ಕತ್ತಲೆ ಬಿದ್ದರೆ ಏನು ಮಾಡುತ್ತಾರೆ? ಅಲ್ಲಿಗೆ ಬಂದು ಪೆನ್ನು ಮೊಂಡು ಹಿಡಿದು ಕೂತಿತ್ತು.

ಆಂಧ್ರದ ಆದೋನಿಯಲ್ಲಿ ತೆಲುಗಿನಲ್ಲಿ ವಿಜ್ಞಾನ ಪಾಠ ಹೇಳಿ, ಬಸ್ಸಿನಲ್ಲಿ ಮದ್ದಿಕೇರಕ್ಕೆ ಬಂದು, ಕನ್ನಡದಲ್ಲಿ ಕಾದಂಬರಿ ಬರೆಯುವ ಸೊಸೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಗಂಡ ಮೊದಲ ಅಧ್ಯಾಯ ಓದಿ, ಅಲ್ಲಿ ಕರೆಂಟು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ, ಪುಣ್ಯವಂತರು ಎಂದು ಮಗ್ಗುಲು ಬದಲಿಸಿದ.

ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ನನಗಾಗ ಆರು ತಿಂಗಳು. ಗ್ರಹಣ ನೋಡುವ ಕನ್ನಡಕ ತರಿಸಿ ಮಾಳಿಗೆ ಹತ್ತಲು ಸಿದ್ಧಳಾಗಿದ್ದೆ. ಬಸುರಿ ಗ್ರಹಣದಲ್ಲಿ ಹೊರಗೆ ಬರಬಾರದು, ಏನನ್ನೂ ಕೊಯ್ಯಬಾರದು, ತಿನ್ನಬಾರದು, ಮೈ ತುರಿಸಿಕೊಳ್ಳಲೂಬಾರದು. ಅತ್ತೆ ನನ್ನೊಡನೆ ವಾದಕ್ಕೇ ಇಳಿಯಲಿಲ್ಲ. ಶೇಂಗಾ ಚೀಲಗಳಿದ್ದ ಕೋಣೆಯ ಕಿಟಕಿಗೆ ಕಂಬಳಿ ತುರುಕಿದರು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದರು. ಗಂಡನ ಕಡೆ ನೋಡಿದರೆ ಆತ ಫೋನಿನಲ್ಲಿ ತೀರಾ ಮುಖ್ಯವಾದದ್ದೇನೋ ಓದುತ್ತಿದ್ದ. ಗೊಣಗುತ್ತಲೇ ಒಳಗೆ ಹೋದೆ. ಅತ್ತೆಯೂ ಬಂದು ಒಳಗಿನಿಂದ ಚಿಲಕ ಹಾಕಿಕೊಂಡರು.

ಹಾಡುಹಗಲೇ ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ನನ್ನ ಕೈ ನನಗೇ ಕಾಣಿಸುತ್ತಿರಲಿಲ್ಲ. ಹೋಗಲಿ, ಕಾದಂಬರಿಗಾದರೂ ಏನಾದರೂ ಹೊಳೆಯಲಿ ಎಂದು ಕಾದೆ. ಏನೂ ಹೊಳೆಯಲಿಲ್ಲ, ಹಸಿವಾಯಿತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಮೊದಲ ಶೇಂಗಾ ಒಡೆದ ಸದ್ದು ಪಟಾಕಿ ಸಿಡಿದಂತೆ ಕೇಳಿತು.

ಅತ್ತೆ ಬೈಯಲಿಲ್ಲ. ಮಗನ ತುಟಿಯ ಮಾತು ತೆಗೆದರು. ನನ್ನ ಗಂಡ ಹುಟ್ಟಿದಾಗ ಮೇಲ್ದುಟಿ ಸೀಳಿತ್ತು. ಆಮೇಲೆ ಹೊಲಿಗೆ ಹಾಕಿಸಿದ್ದರು, ಈಗ ಗುರುತೆಲ್ಲ ಮೀಸೆಯ ಕೆಳಗಿದೆ. ಅಂಥ ತುಟಿಗೆ ನಮ್ಮಲ್ಲಿ ತೆಲುಗಿನಲ್ಲಿ 'ಗ್ರಹಣಮೊರ್ರಿ' ಅನ್ನುತ್ತಾರೆ. ತಾಯಿ ಗ್ರಹಣದಲ್ಲಿ ಏನೋ ತಪ್ಪು ಮಾಡಿದ್ದಾಳೆ ಎಂಬ ತೀರ್ಪು ಆ ಹೆಸರಿನಲ್ಲೇ ಇದೆ. ಅತ್ತೆ ಬಸುರಿಯಿದ್ದಾಗಿನ ಗ್ರಹಣದಲ್ಲಿ ಕದ್ದು ಬದನೆಕಾಯಿ ಹೆಚ್ಚಿದ್ದರೆಂದು ಪಕ್ಕದ ಮನೆಯಲ್ಲಿದ್ದ ಅವರ ನಾದಿನಿ ಇನ್ನೂ ಹೇಳಿಕೊಂಡು ತಿರುಗುತ್ತಿದ್ದರು.

"ನಾನು ಏನೂ ಕೊಯ್ದಿರಲಿಲ್ಲ," ಎಂದರು ಅತ್ತೆ. "ಗ್ವಾಡಿ ಕಡಿ ಮುಖ ಮಾಡಿ ಮಲಕೊಂಡಿದ್ನಿ. ನಮ್ಮತ್ತಿ ಸಾಯೋತನಕ ನಂಬಲಿಲ್ಲ."

ನನಗೆ ಸಿಟ್ಟು ಬಂತು. ಎಲ್ಲ ನಿಯಮ ಪಾಲಿಸಿದರೂ ಹಾಗಾಯಿತೆಂದ ಮೇಲೆ ನನ್ನನ್ನೇಕೆ ಇಲ್ಲಿ ಕೂಡಿಹಾಕಿದಿರಿ ಎಂದು ಕೇಳಿಯೇಬಿಟ್ಟೆ.

"ಗ್ರಹಣಕ್ಕ ಹೆದರಿ ಅಲ್ಲವ್ವ. ನಾಳಿ ಏನರ ಹೆಚ್ಚುಕಡಿಮಿ ಆದ್ರ ಮಂದಿ ನಿನ್ನ ಹಿಡಕೋತಾರ. ನೀನು ಏನೂ ಮಾಡಿಲ್ಲಂತ ಹೇಳಾಕ ಒಬ್ರು ಬೇಕಲ್ಲ. ನನಗ ಯಾರೂ ಇರಲಿಲ್ಲ."

ನನ್ನ ಕಾದಂಬರಿಯ ಜನ ಮೊದಲ ಕತ್ತಲೆಯಲ್ಲಿ ಏನು ಮಾಡುತ್ತಾರೆಂಬುದು ಆಗ ಗೊತ್ತಾಯಿತು: ಇದು ಯಾವ ಹೆಂಗಸಿನ ಕೆಲಸ ಎಂದು ಹುಡುಕಲು ಹೊರಡುತ್ತಾರೆ. ದೀಪ ಕಂಡುಹಿಡಿಯುವುದೆಲ್ಲ ಆಮೇಲೆ. ಅದನ್ನು ಹೇಳಲು ಹೊರಟರೆ ಅತ್ತೆ ಕತ್ತಲೆಯಲ್ಲೇ ಕೈ ಚಾಚಿ ತಮಗೂ ನಾಲ್ಕು ಶೇಂಗಾ ಕೇಳಿದರು. ಗ್ರಹಣ ಬಿಡುವವರೆಗೂ ಇಬ್ಬರೂ ಒಡೆದು ತಿಂದೆವು.

ಬಾಗಿಲು ತೆರೆದರೆ ಅತ್ತೆಯ ನಾದಿನಿ ಅಂಗಳದಲ್ಲೇ ನಿಂತಿದ್ದರು. ಸೊಸೆ ಸುಮ್ಮನೆ ಕೂತಿದ್ದಳೋ ಇಲ್ಲವೋ ಎಂದು ವಿಚಾರಿಸಿದರು.

ಸಿಪ್ಪೆಯನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಅತ್ತೆ ಅವರನ್ನೇ ನೇರವಾಗಿ ನೋಡಿದರು.

"ಒಂದು ಬೆರಳು ಸೈತ ಅಲ್ಲಾಡಿಸಿಲ್ಲ. ನಾನು ಕಣ್ಣಾರ ನೋಡೀನಿ."