ನಡಾವಳಿಗೆ ಬಾರದ ಮಾತು

ಕಳೆದ ತಿಂಗಳು ಕೋಠಿ ಪೇಟೆಯ ಹಳೇ ಪುಸ್ತಕದಂಗಡಿಯೊಂದರಲ್ಲಿ ಮೊಮ್ಮಗಳಿಗಾಗಿ ಗಣಿತದ ಪುಸ್ತಕ ಹುಡುಕುತ್ತಿದ್ದೆ. ಅಂಗಡಿಯವನು ಮೂಲೆಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಒಳಗೆ ಕಾರ್ಬನ್ ಹಾಳೆಗಳ ಕಟ್ಟು. ಆ ಎಣ್ಣೆ ಎಣ್ಣೆ ವಾಸನೆ ಮೂಗಿಗೆ ಬಡಿಯಿತು. "ಅಬ್ ಕೌನ್ ಪೂಛ್ತಾ ಸಾಬ್ ಇಸ್ಕೊ" ಎಂದು, ಈಗ ಇದನ್ನು ಕೇಳುವವರು ಯಾರು ಎಂಬಂತೆ, ಅವನು ನಕ್ಕ. ನನಗೆ ನಗು ಬರಲಿಲ್ಲ. ಪುಸ್ತಕ ಕೊಳ್ಳದೆ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆ. ಇಷ್ಟು ವರ್ಷಗಳಾದ ಮೇಲೂ ಮೈ ಉರಿಯುತ್ತಿತ್ತು.

ಅದು ನಮ್ಮ ಎದುರು ಮನೆಯ ಸ್ಟೆನೋ ಬಾಯಿಯ ವರಾಂಡದ ವಾಸನೆ. ಕಾಲನಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ರಾಯಚೂರಿನ ಕಡೆಯವರು, ಮದುವೆಯಾಗಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸಾಹೇಬರ ಮಾತುಗಳನ್ನು ಶೀಘ್ರಲಿಪಿಯಲ್ಲಿ ಹಿಡಿದು, ಟೈಪ್ ಮಾಡಿ, ನಿವೃತ್ತರಾಗಿದ್ದರು. ಬಿಳಿ ಸೀರೆಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಮಾತು ಕಡಿಮೆ. ಆದರೆ ಯಾರಾದರೂ ನಿನ್ನೆ ಒಂದು, ಇವತ್ತು ಒಂದು ಹೇಳಿದರೆ ಅವರ ಹುಬ್ಬು ಏರುತ್ತಿತ್ತು. "ನೀವು ಹಂಗ ಹೇಳಿರ್ಲಿಲ್ರಿ" ಎಂದು ಹಿಂದಿನ ಮಾತನ್ನು ಅಕ್ಷರಶಃ ಎದುರಿಗಿಡುತ್ತಿದ್ದರು.

ಆಗ ನಾವಿದ್ದದ್ದು ಇದೇ ತೆಲುಗು ನಗರದಲ್ಲಿ, ಸನತ್‌ನಗರದಿಂದ ಸ್ವಲ್ಪ ದೂರದಲ್ಲಿ, ವಿಮಾನ ನಿಲ್ದಾಣದ ಗೋಡೆಗೆ ಅಂಟಿಕೊಂಡ ಒಂದು ಕಾಲನಿಯಲ್ಲಿ. ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ವಿಮಾನಗಳು ತಲೆಯ ಮೇಲೆ ಇಳಿಯುವಾಗ ಪಾತ್ರೆಗಳು ಅದುರುತ್ತಿದ್ದವು, ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ದೂರುಗಳು ಹೆಚ್ಚಾದಾಗ ನಿಲ್ದಾಣದ ಆಡಳಿತವು ಒಂದು ಸಲಹಾ ಸಮಿತಿ ಮಾಡಿತು. ತಿಂಗಳಿಗೊಮ್ಮೆ ಸಭೆ. ನಗರಸಭೆಯವರೊಬ್ಬರು, ಪೊಲೀಸರೊಬ್ಬರು, ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರು, ಮತ್ತು ನಿವಾಸಿಗಳ ಪರವಾಗಿ ಇಬ್ಬರು. ಆ ಇಬ್ಬರು ಸ್ಟೆನೋ ಬಾಯಿ ಮತ್ತು ನಾನು. ಸದ್ದು, ಚರಂಡಿ, ಗೋಡೆ, ಕಸಕ್ಕೆ ಬರುವ ಹದ್ದುಗಳು, ಎಲ್ಲವನ್ನೂ ಜನರ ಕಣ್ಣಿನಿಂದ ನೋಡಿ ನಿಲ್ದಾಣದವರನ್ನು ಎಚ್ಚರಿಸುವುದು ನಮ್ಮ ಕೆಲಸವೆಂದು ಆದೇಶದಲ್ಲಿ ಬರೆದಿತ್ತು.

ಚೆನ್ನಾಗಿಯೇ ಬರೆದಿತ್ತು! ಆದರೆ ನಾವು ಯಾರ ಮೇಲೆ ಕಣ್ಣಿಡಬೇಕೋ ಅವರೇ ಸಮಿತಿಯ ಅಧ್ಯಕ್ಷರು. ಅವರ ಕಚೇರಿಯ ಗುಮಾಸ್ತನೇ ನಡಾವಳಿ ಬರೆಯುವವನು. ನಾವು ಸಲಹೆ ಕೊಡಬಹುದು, ಅವರು ಕೇಳಬೇಕೆಂದಿಲ್ಲ. ಮೊದಲ ಸಭೆಯಲ್ಲಿ ಗೋಡಂಬಿ, ಬಿಸ್ಕತ್ತು, ಚಹಾ ಕೊಟ್ಟರು. ಕಿಟಕಿಯಿಂದ ರನ್‌ವೇ ತೋರಿಸಿದರು. ನಾನು ಹಿಗ್ಗಿಹೋದೆ. ಸ್ಟೆನೋ ಬಾಯಿ ಮಾತ್ರ ಚಹಾ ಮುಟ್ಟದೆ ನೋಟ್‌ಬುಕ್ ತೆರೆದು ಎಲ್ಲರ ಮಾತನ್ನೂ ಸರಸರನೆ ಹಿಡಿದುಕೊಳ್ಳುತ್ತಿದ್ದರು.

ಕಾಲನಿಯ ಹಿಂದೆ, ಗೋಡೆಯ ಬುಡದಲ್ಲೇ, ಹತ್ತಿಪ್ಪತ್ತು ಗುಡಿಸಲುಗಳಿದ್ದವು. ನಮ್ಮ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸು ಅಲ್ಲಿಯೇ ಇದ್ದಳು. ನಿಲ್ದಾಣದ ಬಯಲಿನ ಮಳೆನೀರೆಲ್ಲ ಒಂದು ದೊಡ್ಡ ಮೋರಿಯ ಮೂಲಕ ಗೋಡೆಯ ಕೆಳಗೆ ಹಾದು ಈ ಕಡೆಗೆ ಹರಿದುಹೋಗುತ್ತಿತ್ತು. ನಾಯಿಗಳು ನುಗ್ಗುತ್ತವೆ ಎಂದು ಆಡಳಿತದವರು ಒಂದು ಬೇಸಿಗೆಯಲ್ಲಿ ತಮ್ಮ ಕಡೆಯ ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಬಡಿದರು. ಮೊದಲ ಮಳೆಗೇ ಅದಕ್ಕೆ ಚಿಂದಿ, ಪ್ಲಾಸ್ಟಿಕ್ ಎಲ್ಲ ಸಿಕ್ಕಿ ನೀರು ಆಚೆ ಬದಿಯಿಂದ ಗೋಡೆಗೆ ಒತ್ತಿಕೊಂಡು ಮೊಣಕಾಲೆತ್ತರ ನಿಂತಿತು.

ಇಸ್ತ್ರಿಯವಳು ಬಟ್ಟೆ ಕೊಡಲು ಬಂದಾಗ ಸ್ಟೆನೋ ಬಾಯಿಯ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ಗೋಡೆಯ ಕಲ್ಲುಗಳ ಸಂದಿನಿಂದ ನೀರು ಜಿನುಗುತ್ತಿತ್ತು. ಗೋಡೆ ಹೊಟ್ಟೆ ಬಿಟ್ಟುಕೊಂಡು ನಮ್ಮ ಕಡೆಗೆ ವಾಲಿತ್ತು.

"ಅಮ್ಮಾ, ಈ ಗೋಡ ಪಡಿಪೋತುಂದಿ. ಮೀರು ಚೆಪ್ಪಂಡಿ" ಎಂದಳು ಅವಳು. ಈ ಗೋಡೆ ಬಿದ್ದುಹೋಗುತ್ತದೆ, ನೀವು ಹೇಳಿ.

ಸ್ಟೆನೋ ಬಾಯಿ ಹೇಳಿದರು. ಆ ಸಭೆಯಲ್ಲಿ ಹೇಳಿದರು, ಮುಂದಿನ ಸಭೆಯಲ್ಲಿ ಹೇಳಿದರು, ಅದರ ಮುಂದಿನದರಲ್ಲೂ ಹೇಳಿದರು. ಇಸ್ತ್ರಿಯವಳ ಮಾತನ್ನು ತೆಲುಗಿನಲ್ಲಿಯೇ, ಅವಳು ಹೇಳಿದ ಹಾಗೆಯೇ ಓದಿದರು. ಅಧ್ಯಕ್ಷರು ಗಡಿಯಾರ ನೋಡುತ್ತ, "ನೋಟ್ ಕರ್ ಲಿಯಾ, ಮೇಡಮ್", ಬರೆದುಕೊಂಡಾಯಿತು, ಎನ್ನುತ್ತಿದ್ದರು. ಮುಂದಿನ ಸಭೆಗೆ ಬರುವ ನಡಾವಳಿಯಲ್ಲಿ ಹೀಗಿರುತ್ತಿತ್ತು: ನೈರ್ಮಲ್ಯದ ಕುರಿತು ಸದಸ್ಯರ ಅಭಿಪ್ರಾಯಗಳನ್ನು ಗಮನಿಸಲಾಯಿತು.

"ನಾ ಹೇಳಿದ್ದು ಇದರಾಗ ಎಲ್ಲೈತ್ರಿ?" ಎಂದು ಮೂರನೆಯ ಸಭೆ ಮುಗಿದಾಗ ಅವರು ನನ್ನನ್ನು ಕೇಳಿದರು. "ಗೋಡಿ ಅನ್ನೋ ಶಬ್ದನ ಇಲ್ಲ. ನೀವು ಯಾಕ ಸುಮ್ಮ ಕುಂತಿದ್ರಿ?"

"ಸಣ್ಣ ಮಾತು ಬಾಯಾರ. ಗಮನಿಸ್ಯಾರಂತಲ್ಲ, ಮಾಡ್ತಾರ" ಎಂದೆ.

ಅವರು ಸಹಿ ಹಾಕದೆ ಹಾಗೆಯೇ ಎದ್ದುಹೋದರು. ನಾನು ಹಾಕಿದೆ. ಕೆಳಗೆ ನಿಲ್ದಾಣದ ಜೀಪು ನನಗಾಗಿ ಕಾಯುತ್ತಿತ್ತು. ಆ ಜೀಪಿನಲ್ಲಿ ಮನೆಗೆ ಬರುವುದೆಂದರೆ ನನಗೆ ಎಷ್ಟು ಇಷ್ಟವಿತ್ತೆಂದು ಈಗ ನೆನೆದರೆ...

ಆ ವರ್ಷ ಶ್ರಾವಣದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಗ್ಗೆ, ನಾನು ಕಾರ್ಖಾನೆಯ ಬಸ್ಸಿಗೆ ನಿಂತಿದ್ದಾಗ, ವಿಮಾನ ಇಳಿದಂಥ ಸದ್ದಾಯಿತು. ಆದರೆ ಆಕಾಶದಲ್ಲಿ ವಿಮಾನವಿರಲಿಲ್ಲ. ಓಡಿಹೋಗಿ ನೋಡಿದರೆ ಗೋಡೆ ನಾಲ್ಕು ಗುಡಿಸಲುಗಳ ಮೇಲೆ ಮಲಗಿತ್ತು. ಮೂರು ಗುಡಿಸಲುಗಳವರು ನೀರಿಗೆ ಹೆದರಿ ಆಗಲೇ ಹೊರಬಂದಿದ್ದರು. ಇಸ್ತ್ರಿಯವಳು ಮಾತ್ರ ನಮ್ಮ ಕಾಲನಿಯ ಬಟ್ಟೆಗಳ ಗಂಟು ನೆನೆಯದಂತೆ ಎತ್ತಿಡಲು ಒಳಗೆ ಹೋಗಿದ್ದಳು. ಕಲ್ಲುಗಳನ್ನು ಎಳೆದು ಅವಳನ್ನು ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು. ಅವಳ ತೋಳಿನಲ್ಲಿದ್ದ ಗಂಟಿನಲ್ಲಿ ನನ್ನ ಅಂಗಿಯೂ ಇತ್ತು.

ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದರು. ನಿಲ್ದಾಣದವರು ಸಲೀಸಾಗಿ ಹೇಳಿಬಿಟ್ಟರು: ಗೋಡೆಯ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ, ನಡಾವಳಿ ನೋಡಿಕೊಳ್ಳಿ.

ಅಂದಿನಿಂದ ಸ್ಟೆನೋ ಬಾಯಿಯ ವರಾಂಡದಲ್ಲಿ ಟೈಪ್‌ರೈಟರ್ ಬಡಿಯತೊಡಗಿತು. ತಮ್ಮ ಶೀಘ್ರಲಿಪಿಯ ನೋಟ್‌ಬುಕ್ ತೆರೆದಿಟ್ಟುಕೊಂಡು ಮೂರೂ ಸಭೆಗಳ ಮಾತುಗಳನ್ನು ಒಂದೂ ಬಿಡದೆ, ನಡುವೆ ಕಾರ್ಬನ್ ಇಟ್ಟು, ಮೂರು ಪ್ರತಿ ಮಾಡಿದರು. ಅಧ್ಯಕ್ಷರ "ನೋಟ್ ಕರ್ ಲಿಯಾ" ಕೂಡ ಇತ್ತು. ಬೆರಳುಗಳೆಲ್ಲ ನೀಲಿ. ಒಂದು ಪ್ರತಿಯನ್ನು ನನಗೆ ಕೊಟ್ಟು, "ಓದ್ರಿ. ಒಂದು ಅಕ್ಷರ ತಪ್ಪಿದ್ರ ಹೇಳ್ರಿ" ಎಂದರು. ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. "ಎಲ್ಲ ಖರೇ ಐತ್ರಿ" ಎಂದು ನನ್ನ ಬಾಯಿಂದಲೇ ಹೇಳಿದೆ.

ವಿಚಾರಣೆಗೆ ಎರಡು ದಿನ ಮೊದಲು ನನ್ನ ಕಾರ್ಖಾನೆಯ ಮೇಲಧಿಕಾರಿ ಕರೆಸಿಕೊಂಡರು. ಕುರ್ಚಿ ತೋರಿಸಿದರು. ನೀನು ಕೇಂದ್ರ ಸರ್ಕಾರದ ನೌಕರ, ಸಹಿ ಹಾಕಿದ ಕಾಗದಕ್ಕೆ ವಿರುದ್ಧವಾಗಿ ಹೇಳಿಕೆ ಕೊಟ್ಟರೆ ಒಳ್ಳೆಯದಲ್ಲ ಎಂದರು. ಅಷ್ಟೇ. ಬೆದರಿಸಲಿಲ್ಲ, ಬಯ್ಯಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ವಿಚಾರಣಾಧಿಕಾರಿ ಶೀಘ್ರಲಿಪಿಯ ನೋಟ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದನ್ನು ಬರೆದವರೂ ನೀವೇ, ಓದುವವರೂ ನೀವೇ. ಬೇರೆ ಯಾರಾದರೂ ಹೇಳಬೇಕಲ್ಲ ಎಂದರು. ಸ್ಟೆನೋ ಬಾಯಿ ಬಹಳ ನೆಮ್ಮದಿಯಿಂದ ನನ್ನ ಕಡೆ ಕೈ ತೋರಿಸಿದರು. "ಇವರಿದ್ರಲ್ಲ. ನನ್ನ ಬಾಜೂಕ ಕುಂತಿದ್ರು."

ಅಧಿಕಾರಿ ನನ್ನನ್ನು ಕೇಳಿದರು, ಈಕೆ ಗೋಡೆಯ ವಿಷಯ ಎತ್ತಿದ್ದರೇ?

ನಡಾವಳಿಯಲ್ಲಿ ಏನಿದೆಯೋ ಅದೇ ಸರಿ ಎಂದೆ.

ಸ್ಟೆನೋ ಬಾಯಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ... ಕೇಳಿಸಿಕೊಂಡದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಲು ಬಯಸುವವರಂತೆ. ಪೆನ್ಸಿಲ್ ಕೈಯಲ್ಲಿತ್ತು. ಬರೆದುಕೊಳ್ಳಲಿಲ್ಲ.

ಮೆಟ್ಟಿಲಿಳಿಯುವಾಗ ಹಿಂದೆಯೇ ಹೋದೆ. ನನ್ನ ನೌಕರಿ, ಮನೆ, ಹೆಂಡತಿಯ ಕಾಯಿಲೆ ಎಂದು ಏನೇನೋ ತೊದಲಿದೆ. ಅವರು ನಿಂತರು.

"ನೀವು ಸುಳ್ಳ ಹೇಳಿದ್ರಿ, ಇರಲಿ. ಲೋಕದಾಗ ಭಾಳ ಮಂದಿ ಹೇಳ್ತಾರ. ಆದ್ರ ಆಕಿ ಬಾಯಿಬಿಟ್ಟು ಹೇಳಿದ್ಲಲ್ರಿ, ಗೋಡಿ ಬೀಳ್ತೈತಿ ಅಂತ! ಆಕಿ ಹೇಳೇ ಇಲ್ಲ ಅನ್ನೋಹಂಗ ಮಾಡಿಬಿಟ್ರಿ. ಸತ್ತಾಕಿ ಬಾಯಿ ಮುಚ್ಚಿಸಿದ್ರಿ ನೀವು."

ಅತಿವೃಷ್ಟಿಯಿಂದಾದ ಅನಾಹುತ, ನಿವಾಸಿ ಪ್ರತಿನಿಧಿಗಳು ಮುನ್ಸೂಚನೆ ನೀಡಿರಲಿಲ್ಲ ಎಂದು ವರದಿ ಬಂತು. ಹಾಗಾದರೆ ಜಾಲರಿಯನ್ನು ಮರುವಾರವೇ ಸದ್ದಿಲ್ಲದೆ ಕಿತ್ತದ್ದೇಕೆ? ಹೊಸ ಗೋಡೆಯ ಬುಡದಲ್ಲಿ ನೀರು ಹೋಗಲು ಸಾಲಾಗಿ ಕಂಡಿಗಳನ್ನು ಬಿಟ್ಟದ್ದೇಕೆ? ಯಾರಿಗೂ ಶಿಕ್ಷೆಯಾಗಲಿಲ್ಲ. ಅಧ್ಯಕ್ಷರು ಬಡ್ತಿ ಪಡೆದು ಬೇರೆ ಊರಿಗೆ ಹೋದರು. ಸಮಿತಿಯನ್ನು ಹೊಸದಾಗಿ ಮಾಡಿದಾಗ ಸ್ಟೆನೋ ಬಾಯಿಯ ಹೆಸರು ಕೈಬಿಟ್ಟರು. ನನ್ನದನ್ನು ಉಳಿಸಿಕೊಂಡರು. ಅಂಥವರೇ ಬೇಕಿತ್ತು ಅವರಿಗೆ. ಇನ್ನೂ ಎರಡು ವರ್ಷ ನಾನು ಆ ಕುರ್ಚಿಯಲ್ಲಿ ಕೂತೆ, ಬಿಸ್ಕತ್ತು ತಿಂದೆ, ಸಹಿ ಹಾಕಿದೆ.

ಸ್ಟೆನೋ ಬಾಯಿ ಸುಮ್ಮನಾಗಲಿಲ್ಲ. ಇಸ್ತ್ರಿಯವಳ ಗಂಡನನ್ನು ಕರೆದುಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಕಚೇರಿಗಳನ್ನು ಅಲೆದರು. ಎಲ್ಲ ಕಡೆಯೂ ಅದೇ ವರದಿ ಎದುರಾಯಿತು. ಆ ವರದಿಯ ಬೆನ್ನಿಗೆ ನನ್ನ ಒಂದು ವಾಕ್ಯವಿತ್ತು. ನಮ್ಮ ಮನೆಯ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರು, ಛತ್ರಿ ಹಿಡಿದು, ನೇರ ನೋಡುತ್ತ. ಆಮೇಲೆ ಕಣ್ಣು ಮಂಜಾಗಿ ರಾಯಚೂರಿಗೆ ತಂಗಿಯ ಮನೆಗೆ ಹೋದರು. ಹೋಗುವ ದಿನ ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ.

ಆ ಅಧ್ಯಕ್ಷರ ಮೇಲೆ, ಆ ಗುಮಾಸ್ತನ ಮೇಲೆ, ಆ ವರದಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಅವರು ಹೊರಗಿನವರು. ನಾನು ಆ ಗೋಡೆಯನ್ನು ಕಣ್ಣಾರೆ ಕಂಡವನು. ನಿವೃತ್ತಿಯಾಗಿದೆ, ನೌಕರಿಯ ಭಯವಿಲ್ಲ, ಹೆಂಡತಿಯೂ ಹೋದಳು. ಈಗ ಯಾರು ಕೇಳಿದರೂ ಹೇಳಬಲ್ಲೆ. ಕೇಳುವವರು ಯಾರೂ ಉಳಿದಿಲ್ಲ.

ಆದರೂ ಬರೆಯುತ್ತಿದ್ದೇನೆ. ಇಸ್ತ್ರಿಯವಳು ಹೇಳಿದ್ದಳು. ಸ್ಟೆನೋ ಬಾಯಿ ಅದನ್ನು ಮೂರು ಸಭೆಗಳಲ್ಲಿ, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಕೇಳಿಸಿಕೊಂಡಿದ್ದೆ.